ಮಸ್ತಿ ಬಂದ ಆನೆಗೆ ಹುಚ್ಚು ಹಿಡಿದಿರುವುದಿಲ್ಲ

ಹುಬ್ಬಳ್ಳಿ ಕಡೆ ಊಟ ರುಚಿಯಾಗಿದ್ದರೆ ‘ಮಸ್ತ್ ಐತಿ’ ಅನ್ನುತ್ತಾರೆ. ಆನೆ ಬಿಡಾರದಲ್ಲಿ ಆ ಮಾತು ಕಿವಿಗೆ ಬಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಬೇಕು.

ಸಕ್ರೆಬೈಲಿನಲ್ಲಿ ನಾನು ಹಾಗೆ ಸರಿದಿದ್ದೆ. ತುಂಗೆಯ ಹಿನ್ನೀರಿನಲ್ಲಿ ಆನೆಗಳ ಬೆಳಗಿನ ಸ್ನಾನ ನಡೆದಿತ್ತು. ಒಂದು ಸಲಗವನ್ನು ಮಾತ್ರ ದೂರದಲ್ಲಿ ಮರಕ್ಕೆ ಸರಪಳಿ ಬಿಗಿದು ನಿಲ್ಲಿಸಿದ್ದರು. ಅದರ ಕಣ್ಣಿಗೂ ಕಿವಿಗೂ ನಡುವಿನ ಜಾಗದಿಂದ ಎಣ್ಣೆ ಸುರಿದ ಹಾಗೆ ಒಂದು ಕಪ್ಪು ಪಟ್ಟೆ ಬಾಯಿಯ ತನಕ ಇಳಿದಿತ್ತು. ಮೂತ್ರ ಒಂದೇ ಸಮನೆ ತೊಟ್ಟಿಕ್ಕಿ ಹಿಂಗಾಲುಗಳ ಒಳಬದಿಯೆಲ್ಲ ಒದ್ದೆ. ‘ಮಸ್ತಿ ಬಂದೈತೆ ಸಾರ್, ಆ ಕಡೆ ಹೋಗ್ಬೇಡಿ’ ಅಂದರು ಮಾವುತರು. ಪಕ್ಕದಲ್ಲಿದ್ದ ಪ್ರವಾಸಿಯೊಬ್ಬರು ಇದನ್ನೇ ಮಗಳಿಗೆ ಬಿಡಿಸಿ ಹೇಳಿದರು: ‘ಅದಕ್ಕೆ ಹುಚ್ಚು ಹಿಡಿದಿದೆಯಂತೆ ಪುಟ್ಟಾ.’

ನನ್ನ ತಕರಾರು ಇರುವುದು ಆ ‘ಹುಚ್ಚು’ ಅನ್ನುವ ಪದದ ಮೇಲೆ.

ಇಂಗ್ಲಿಷ್ ನಿಘಂಟಿನಲ್ಲೂ ‘ಮಸ್ತ್’ ಇದೆ. ಗಂಡಾನೆಗೆ ಆಗಾಗ ಬರುವ, ಮೈಮೇಲೆ ಏರಿ ಹೋಗುವ ಸ್ಥಿತಿ ಅಂತ ಅರ್ಥ ಕೊಟ್ಟಿರುತ್ತಾರೆ. ಬ್ರಿಟಿಷರು ಇದನ್ನು ನಮ್ಮ ದೇಶದಲ್ಲೇ ಹೆಕ್ಕಿಕೊಂಡರು. 1886ರ ಹಾಬ್ಸನ್-ಜಾಬ್ಸನ್ ಪದಕೋಶದಲ್ಲೇ ಅದು ಸೇರಿದೆ. ಮೂಲ ಪಾರ್ಸಿ. ಅಲ್ಲಿ ಮಸ್ತ್ ಅಂದರೆ ಕುಡಿದು ಅಮಲೇರಿದವನು. ಪಾರ್ಸಿಯ ಮಸ್ತ್, ಸಂಸ್ಕೃತದ ಮತ್ತ, ಮದ ಎಲ್ಲ ಒಂದೇ ಬೇರಿನವು. ಹೈಸ್ಕೂಲಿನಲ್ಲಿ ಗುರು ಲಘು ಹಾಕುತ್ತಾ ಬೆವರಿದ ಮತ್ತೇಭವಿಕ್ರೀಡಿತ ನೆನಪಿದೆ ಅಲ್ವಾ? ಮತ್ತ, ಇಭ, ವಿಕ್ರೀಡಿತ. ಮದ ಬಂದ ಆನೆಯ ಆಟ! ಇಪ್ಪತ್ತು ಅಕ್ಷರದ ಸಾಲಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಅಚ್ಚ ಕನ್ನಡದಲ್ಲಿ ಸೊಕ್ಕಾನೆ ಅಂತಲೂ ಇದೆ. ಸೊಕ್ಕು ಅಂದರೆ ಅಮಲೂ ಹೌದು, ‘ನನ್ನ ಮುಂದೆ ಯಾರು’ ಅನ್ನುವ ಜಂಬವೂ ಹೌದು. ಇಷ್ಟೂ ಪದಗಳಲ್ಲಿ ವಿಜ್ಞಾನಕ್ಕೆ ಹತ್ತಿರ ಇರುವುದು ಇದೇ ಅಂತ ನನ್ನ ಲೆಕ್ಕ.

ಹುಚ್ಚು ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ ಒಂದು ಕೆಟ್ಟ ಉದಾಹರಣೆ ಇದೆ. 1962ರ ಆಗಸ್ಟ್‌ನಲ್ಲಿ ಓಕ್ಲಹೋಮ ಸಿಟಿಯ ಮೃಗಾಲಯದಲ್ಲಿ ಟಸ್ಕೋ ಎಂಬ ಗಂಡಾನೆಗೆ ಸಂಶೋಧಕರು 297 ಮಿಲಿಗ್ರಾಂ ಎಲ್‌ಎಸ್‌ಡಿ ಅನ್ನುವ ಮಾದಕ ದ್ರವ್ಯ ಚುಚ್ಚಿದರು. ಎಲ್‌ಎಸ್‌ಡಿ ಕೊಟ್ಟರೆ ಮನುಷ್ಯರಿಗೆ ಭ್ರಮೆ ಹಿಡಿಯುತ್ತದೆ, ಮಸ್ತಿಯೂ ಒಂದು ಭ್ರಮೆಯೇ ಇರಬೇಕು, ಹಾಗಾದರೆ ಆನೆಗೆ ಇದರಿಂದ ಮಸ್ತಿ ಬರಿಸಬಹುದಾ ಅನ್ನುವುದು ಅವರ ಪ್ರಶ್ನೆ. ಐದೇ ನಿಮಿಷದಲ್ಲಿ ಆನೆ ಕುಸಿದು ಬಿತ್ತು. ಎರಡು ಗಂಟೆ ಕಳೆಯುವುದರೊಳಗೆ ಸತ್ತೇ ಹೋಯಿತು. ಮಸ್ತಿಯ ಬಗ್ಗೆ ಗೊತ್ತಾಗಿದ್ದು ಸೊನ್ನೆ. ಒಬ್ಬ ಮಾವುತನನ್ನು ಕೇಳಿದ್ದರೆ ಸಾಕಿತ್ತು.

ಮಸ್ತಿ ರೋಗವಲ್ಲ. ದಷ್ಟಪುಷ್ಟವಾಗಿ ಬೆಳೆದ ಗಂಡಿಗೆ ವರ್ಷಕ್ಕೊಮ್ಮೆ ಅದು ಬರುತ್ತದೆ. ಒಂದೊಂದು ಆನೆಗೆ ಒಂದೊಂದು ಕಾಲ. ಹೆಣ್ಣಿಗೆ ಬರುವುದೇ ಇಲ್ಲ, ಆದರೂ ತೋಟಕ್ಕೆ ನುಗ್ಗಿದ ಹೆಣ್ಣಾನೆಯನ್ನೂ ‘ಮದವೇರಿದ ಆನೆ’ ಅಂತ ಬರೆಯುವವರಿದ್ದಾರೆ. ಹಸುವಿಗೆ ಬೆದೆ ಬಂದ ಹಾಗೆ ಅಂದುಕೊಳ್ಳುವುದೂ ತಪ್ಪು. ಮಸ್ತಿ ಇಲ್ಲದ ಗಂಡೂ ಹೆಣ್ಣಿನ ಜೊತೆ ಕೂಡಬಲ್ಲದು. ಹಾಗಿದ್ದರೆ ಇದೆಲ್ಲ ಯಾಕೆ?

ಆಂಬುಲೆನ್ಸ್ ನೆನಪು ಮಾಡಿಕೊಳ್ಳಿ. ದೊಡ್ಡ ಲಾರಿಯೂ ಅದಕ್ಕೆ ದಾರಿ ಬಿಡುತ್ತದೆ. ಬಿಡುವುದು ಅದರ ಗಾತ್ರಕ್ಕಲ್ಲ, ಸೈರನ್ನಿಗೆ. ಮಸ್ತಿಯಲ್ಲಿರುವ ಚಿಕ್ಕ ಗಂಡಿಗೆ ಮಸ್ತಿ ಇಲ್ಲದ ದೊಡ್ಡ ಗಂಡೂ ದಾರಿ ಬಿಡುವುದು ಹೀಗೇ. ಆದರೆ ಸೈರನ್ ಯಾರು ಬೇಕಾದರೂ ಒತ್ತಬಹುದಲ್ಲ? ಆನೆ ಸುಮ್ನೆ ಒತ್ತುವ ಹಾಗಿಲ್ಲ. ಆ ದಿನಗಳಲ್ಲಿ ಅದು ಮೇವು ಸರಿಯಾಗಿ ಮುಟ್ಟುವುದಿಲ್ಲ, ಹೆಣ್ಣುಗಳನ್ನು ಹುಡುಕಿ ಊರೂರು ಅಲೆಯುತ್ತದೆ, ಮೈ ಇಳಿಯುತ್ತದೆ. ಹರಾಜಿಗೆ ಬಂದವನೊಬ್ಬ ಮನೆ, ಗದ್ದೆ ಎಲ್ಲ ಅಡವಿಟ್ಟು ಕೂತಿದ್ದಾನೆ ಅಂದುಕೊಳ್ಳಿ. ಅವನ ಎದುರು ಕೂಗಲು ಸಾಹುಕಾರನೂ ಹಿಂದೆ ಮುಂದೆ ನೋಡುತ್ತಾನೆ. ದುಡ್ಡಿಗೇನೂ ಕಡಿಮೆಯಿಲ್ಲ, ಆದರೆ ಇವನು ಎಲ್ಲಿಯವರೆಗೆ ಹೋಗುತ್ತಾನೋ ಯಾರಿಗೆ ಗೊತ್ತು? ಮೈಯಲ್ಲಿ ಕಸುವಿಲ್ಲದ ಆನೆ ಈ ಆಟ ಜಾಸ್ತಿ ದಿನ ಆಡಲಾರದು. ಹಿಂದೆ ಮಾವುತರು ಮೇವು ಕಡಿಮೆ ಮಾಡಿ ಮಸ್ತಿ ಇಳಿಸುತ್ತಿದ್ದುದರ ಗುಟ್ಟೂ ಇದೇ.

ಇನ್ನು ಕಪೋಲದಿಂದ ಇಳಿಯುವ ಆ ದ್ರವ. ಅದರಲ್ಲಿ ಫ್ರಂಟಾಲಿನ್ ಅನ್ನುವ ರಾಸಾಯನಿಕ ಇದೆ. ಮರ ಕೊರೆಯುವ ಕೆಲವು ದುಂಬಿಗಳೂ ಇದನ್ನೇ ವಾಸನೆಯ ಸಂದೇಶಕ್ಕೆ ಬಳಸುತ್ತವೆ. ಆನೆಗೂ ದುಂಬಿಗೂ ಒಂದೇ ಅಂಚೆ! ಈ ಅಣು ಎರಡು ರೂಪದಲ್ಲಿ ಬರುತ್ತದೆ, ಎಡಗಾಲ ಚಪ್ಪಲಿ, ಬಲಗಾಲ ಚಪ್ಪಲಿ ಇದ್ದ ಹಾಗೆ. ಹದಿಹರೆಯದ ಆನೆಯಲ್ಲಿ ಒಂದೇ ಕಾಲಿನ ಚಪ್ಪಲಿಗಳು ಜಾಸ್ತಿ. ವಯಸ್ಸಾದಂತೆ ಎರಡೂ ಸಮಸಮಕ್ಕೆ ಬರುತ್ತವೆ. ಜೋಡಿ ಸರಿಹೊಂದಿದ ಆ ವಾಸನೆಗೆ ಗರ್ಭ ಕಟ್ಟುವ ಹಂತದಲ್ಲಿರುವ ಹೆಣ್ಣು ಹತ್ತಿರ ಬರುತ್ತದೆ, ಬೇರೆ ಗಂಡುಗಳು ದೂರ ಸರಿಯುತ್ತವೆ. ಒಂದೇ ಹನಿ, ಆದರೆ ಮದುವೆ ಕರೆಯೋಲೆಯೂ ಅದೇ, ‘ನಾಯಿ ಇದೆ ಎಚ್ಚರಿಕೆ’ ಬೋರ್ಡೂ ಅದೇ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಅದಕ್ಕೂ ಮೂರು ವರ್ಷ ಮೊದಲು ಅದೇ ಪತ್ರಿಕೆಯಲ್ಲಿ ಬಂದಿದ್ದು ನನಗೆ ಇನ್ನೂ ಇಷ್ಟ. ಮೊದಮೊದಲು ಮಸ್ತಿಗೆ ಬರುವ ಎಳೆಯ ಗಂಡಿನ ದ್ರವಕ್ಕೆ ಜೇನಿನ ಪರಿಮಳ ಇರುತ್ತದೆ. ಬಲಿತ ಗಂಡಿನದು ಗಬ್ಬು ನಾತ. ಆನೆಯ ಗಂಡಸ್ಥಳಕ್ಕೆ ದುಂಬಿಗಳು ಮುತ್ತಿದವು ಅಂತ ನಮ್ಮ ಕವಿಗಳು ಸಾವಿರ ಸಲ ಬರೆದಿದ್ದಾರೆ. ಓದುವಾಗೆಲ್ಲ ಅದೊಂದು ಸವೆದ ವರ್ಣನೆ ಅಂತ ಪುಟ ಮಗುಚುತ್ತಿದ್ದೆ. ಯಾರೋ ಒಬ್ಬ ಕವಿ ನಿಜವಾಗಿ ಹತ್ತಿರ ನಿಂತು ಮೂಸಿದ್ದನೋ ಏನೋ!

ಆಫ್ರಿಕದ ಆನೆಗಳಿಗೆ ಮಸ್ತಿಯೇ ಇಲ್ಲ ಅಂತ ವಿಜ್ಞಾನಿಗಳು ಬಹಳ ಕಾಲ ನಂಬಿದ್ದರು. 1970ರ ದಶಕದಲ್ಲಿ ಕೆನ್ಯಾದ ಅಂಬೋಸೆಲಿ ಕಾಡಿನಲ್ಲಿ ಆನೆಗಳ ಅಧ್ಯಯನ ಮಾಡುತ್ತಿದ್ದ ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಕೆಲವು ಗಂಡುಗಳ ಜನನಾಂಗ ಹಸಿರುಗಟ್ಟಿ ಮೂತ್ರ ತೊಟ್ಟಿಕ್ಕುವುದನ್ನು ಕಂಡು, ಮೊದಲು ಏನೋ ಕಾಯಿಲೆ ಅಂದುಕೊಂಡರು. ಅದು ಮಸ್ತಿ ಅಂತ ಖಾತ್ರಿಯಾಗಿ ಅವರು ಪ್ರಕಟಿಸಿದ್ದು 1981ರಲ್ಲಿ.

ಆಫ್ರಿಕದಲ್ಲೇ ಇನ್ನೊಂದು ಪ್ರಕರಣ ನಡೆಯಿತು. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಆನೆ ಜಾಸ್ತಿಯಾದವು ಅಂತ ದೊಡ್ಡವನ್ನು ಕೊಂದು, ತಬ್ಬಲಿ ಮರಿಗಳನ್ನು ಪಿಲಾನೆಸ್‌ಬರ್ಗ್ ಅನ್ನುವ ಇನ್ನೊಂದು ಉದ್ಯಾನಕ್ಕೆ ಸಾಗಿಸಿದ್ದರು. ಅಲ್ಲಿ ಹಿರಿಯ ಗಂಡುಗಳೇ ಇರಲಿಲ್ಲ. ಆ ಹುಡುಗರಿಗೆ ವಯಸ್ಸಿಗೆ ಮೊದಲೇ ಮಸ್ತಿ ಬಂತು. ಬಂದಿದ್ದು ವಾರಗಟ್ಟಲೆ ಇಳಿಯಲಿಲ್ಲ. 1992ರಿಂದ 1997ರೊಳಗೆ ಅವು 40ಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳನ್ನು ತಿವಿದು ಕೊಂದವು. ನೋಡಿದವರು ಹುಚ್ಚಾನೆ ಅನ್ನದೆ ಇನ್ನೇನು ಅಂದಾರು?

1998ರಲ್ಲಿ ಕ್ರೂಗರ್‌ನಿಂದಲೇ ಆರು ಹಿರಿಯ ಗಂಡಾನೆಗಳನ್ನು ತಂದು ಬಿಟ್ಟರು. ಮದ್ದಿಲ್ಲ, ಸರಪಳಿಯಿಲ್ಲ. ಮಸ್ತಿಯಲ್ಲಿರುವ ಹಿರಿಯ ಎದುರು ಬಂದು ಮೈಮೇಲೆ ಏರಿದರೆ ಕಿರಿಯದರ ಮಸ್ತಿ ನಿಮಿಷಗಳಲ್ಲಿ ಇಳಿಯುವುದನ್ನು ಅಂಬೋಸೆಲಿಯಲ್ಲಿ ಆಗಲೇ ನೋಡಿದ್ದರು. ತೊಟ್ಟಿಕ್ಕುತ್ತಿದ್ದ ಮೂತ್ರ ನಿಲ್ಲುತ್ತದೆ, ಎತ್ತಿದ ತಲೆ ತಗ್ಗುತ್ತದೆ. ಪಿಲಾನೆಸ್‌ಬರ್ಗ್‌ನಲ್ಲೂ ಹುಡುಗರ ಮಸ್ತಿಯ ದಿನಗಳು ಮೊಟಕಾದವು. ಖಡ್ಗಮೃಗಗಳ ಸಾವು ಅಲ್ಲಿಗೆ ನಿಂತಿತು.