ತಾತನ ಚಿನ್ನದ ಗಡಿಯಾರ: ರಿಪೇರಿ ಮಾಡಿಸಬೇಕಾ, ಹಾಗೇ ಇಡಬೇಕಾ?

ಪ್ರಶ್ನೆ: ಅಮ್ಮನ ಪೆಟ್ಟಿಗೆಯಲ್ಲಿ ನಮ್ಮ ತಾತನ ಚಿನ್ನದ ಜೇಬು ಗಡಿಯಾರ ಸಿಕ್ಕಿತು. ಸ್ವಿಟ್ಜರ್ಲೆಂಡಿನದು. ಈಗ ಓಡುತ್ತಿಲ್ಲ. ‘ರಿಪೇರಿಗೆ ದುಡ್ಡು ಹಾಕಬೇಡಿ, ಚಿನ್ನ ಮಾರಿಬಿಡಿ’ ಅಂತ ಒಬ್ಬರು ಹೇಳಿದರು. ಏನು ಮಾಡಲಿ?

ಮೊದಲು, ಓಡುತ್ತದಾ ಅಂತ ನೋಡಲು ಮತ್ತೆ ಮತ್ತೆ ಕೀ ಕೊಡುವುದನ್ನು ನಿಲ್ಲಿಸಿ. ಎಷ್ಟೋ ವರ್ಷ ಮುಚ್ಚಿಟ್ಟ ಗಡಿಯಾರದೊಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅದಕ್ಕೆ ಧೂಳು ಸೇರಿದರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಚಕ್ರಗಳ ಅಚ್ಚಿನ ತುದಿ ಕೂದಲಿನಷ್ಟು ಸಣ್ಣದು. ಬಲವಂತವಾಗಿ ಓಡಿಸಿದರೆ ಅದೇ ಸವೆಯುತ್ತದೆ.

ಇನ್ನು ಚಿನ್ನದ ಮಾತು. ಹಿಂದಿನ ಮುಚ್ಚಳದ ಒಳಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಹೆಂಗಸಿನ ತಲೆಯ ಸಣ್ಣ ಮುದ್ರೆ ಮತ್ತು 0.750 ಇದ್ದರೆ 18 ಕ್ಯಾರೆಟ್. ಅಳಿಲಿನ ಚಿತ್ರ ಮತ್ತು 0.585 ಇದ್ದರೆ 14 ಕ್ಯಾರೆಟ್. ‘20 ವರ್ಷ ಗ್ಯಾರಂಟಿ’ ಅನ್ನುವ ಅರ್ಥದ ಇಂಗ್ಲಿಷ್ ಬರಹ ಇದ್ದರೆ ಅದು ಗಟ್ಟಿ ಚಿನ್ನವಲ್ಲ, ಬೇರೆ ಲೋಹಕ್ಕೆ ಹೊದಿಸಿದ ಚಿನ್ನದ ಹಾಳೆ. ಆ ಗ್ಯಾರಂಟಿ ಕೊಟ್ಟದ್ದು ಚಿನ್ನದ ಹಾಳೆ ಅಷ್ಟು ವರ್ಷ ಸವೆಯುವುದಿಲ್ಲ ಅಂತ. ಹೊರಗಿನ ಮುಚ್ಚಳ ಚಿನ್ನವಾಗಿದ್ದರೂ ಒಳಗಿನದು ಹಿತ್ತಾಳೆಯೋ ತಾಮ್ರವೋ ಆಗಿರುವುದು ಮಾಮೂಲು. ಹಾಗಾಗಿ ಇಡೀ ಗಡಿಯಾರವನ್ನು ತಕ್ಕಡಿಗೆ ಹಾಕಿ ಲೆಕ್ಕ ಕಟ್ಟಬೇಡಿ.

ಆದರೆ ರಿಪೇರಿಯನ್ನು ನಿರ್ಧರಿಸುವುದು ಚಿನ್ನವಲ್ಲ, ಒಳಗಿರುವ ಯಂತ್ರ. ಅದರ ಸುಳಿವೂ ಆ ಒಳ ಮುಚ್ಚಳದ ಮೇಲೇ ಇರಬಹುದು, ಫ್ರೆಂಚಿನಲ್ಲಿ. ‘ಸಿಲಿಂಡ್ರ್’ ಅಂತಿದೆಯಾ, ಅಥವಾ ‘ಆಂಕ್ರ್’ (ಎ, ಎನ್, ಸಿ, ಆರ್, ಇ) ಅಂತಿದೆಯಾ ನೋಡಿ.

ಸಿಲಿಂಡ್ರ್ ಅಂದರೆ ಚಕ್ರಗಳ ಓಟವನ್ನು ಒಂದೊಂದೇ ಹಲ್ಲಿನಂತೆ ತಡೆದು ಬಿಡುವ ಹಳೆಯ ವಿಧಾನ. 19ನೇ ಶತಮಾನದ ಕೊನೆಯ ಹೆಂಗಸರ ಪುಟ್ಟ ಚಿನ್ನದ ಗಡಿಯಾರಗಳಲ್ಲಿ ಇದು ಜಾಸ್ತಿ. ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ನಡುವೆ ಅಚ್ಚಿನ ಬದಲು ಒಂದು ಪುಟ್ಟ ಉಕ್ಕಿನ ಕೊಳವೆ ಇರುತ್ತದೆ. ಇನ್ನೊಂದು ಚಕ್ರದ ಹಲ್ಲುಗಳು ಅದಕ್ಕೆ ಉಜ್ಜಿಕೊಂಡೇ ಓಡುತ್ತವೆ, ಹಾಗಾಗಿ ಎರಡೂ ಸವೆಯುತ್ತವೆ. ಕೈಜಾರಿ ಬಿದ್ದರೆ ಕೊಳವೆ ಮುರಿಯುತ್ತದೆ. ಹೊಸದನ್ನು ಲೇತಿನಲ್ಲಿ ಕೈಯಾರೆ ಮಾಡಬೇಕು. ಅಂಥ ಕೈಗಳು ಈಗ ಬಹಳ ಕಡಿಮೆ. ಇಷ್ಟೆಲ್ಲ ಮಾಡಿಸಿದರೂ ದಿನಕ್ಕೆ ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತದೆ. ಕೊಳವೆ ಮುರಿದಿದ್ದರೆ ರಿಪೇರಿ ಬೇಡ ಅಂತಲೇ ನಾನು ಹೇಳುವುದು. ಹಾಗೇ ಜೋಪಾನ ಮಾಡಿ.

ಆಂಕ್ರ್ ಇದ್ದರೆ ಅದು ಲಿವರ್ ಗಡಿಯಾರ, ಅಂದರೆ ಆ ತಡೆದು ಬಿಡುವ ಕೆಲಸವನ್ನು ಕೊಳವೆಯ ಬದಲು ಒಂದು ಪುಟ್ಟ ಸನ್ನೆ ಮಾಡುತ್ತದೆ. ಗಟ್ಟಿ ಜಾತಿ. ಬರೀ ಕೊಳೆ ಕೂತಿದ್ದರೆ ಅಥವಾ ಸ್ಪ್ರಿಂಗ್ ತುಂಡಾಗಿದ್ದರೆ ಮಾಡಿಸಿಬಿಡಿ. ಖರ್ಚು ಅದರ ಮಾರುಕಟ್ಟೆ ಬೆಲೆಯನ್ನು ಮೀರಿದರೂ ಮಾಡಿಸಿ. ಮಾರುವ ವಸ್ತುವಿಗೆ ಆ ಲೆಕ್ಕ ಸರಿ. ತಾತ ದಿನಾ ಕೀ ಕೊಡುತ್ತಿದ್ದ ಗಡಿಯಾರವನ್ನು ಮಾರಲು ನಿಮಗೆ ಮನಸ್ಸಿಲ್ಲ, ಅಲ್ವಾ? ಆದರೆ ಅಣ್ಣತಮ್ಮಂದಿರು, ಅಕ್ಕತಂಗಿಯರಿದ್ದರೆ ದುಡ್ಡು ಹಾಕುವ ಮೊದಲು ಅವರಿಗೊಂದು ಮಾತು ಹೇಳಿ.

ಕೊಡುವಾಗ ಬ್ಯಾಟರಿ ಬದಲಿಸುವ ಅಂಗಡಿ ಬೇಡ. ಹಳೆಯ ಕೀ ಗಡಿಯಾರಗಳನ್ನು ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕುವವರನ್ನು ಹುಡುಕಿ. ಬರೀ ಬಿಚ್ಚಿ ನೋಡಿ ಅಂದಾಜು ಹೇಳಲು ಎಷ್ಟಾಗುತ್ತದೆ ಅಂತ ಮೊದಲು ಕೇಳಿ. ಬಿಚ್ಚುವ ಮೊದಲು ಒಳಗಿನ ಫೋಟೊ ತೆಗೆದುಕೊಳ್ಳಿ, ಯಂತ್ರದ ನಂಬರ್ ಬರೆದಿಟ್ಟುಕೊಳ್ಳಿ.

ಪಾಲಿಶ್ ಮಾತ್ರ ಬೇಡ, ದಯವಿಟ್ಟು. ನಮ್ಮ ದೊಡ್ಡಪ್ಪನ ಗಡಿಯಾರದ ಹಿಂಬದಿಯಲ್ಲಿ ಅವರ ಹೆಸರಿನ ಅಕ್ಷರ ಕೆತ್ತಿತ್ತು. ರಿಪೇರಿಗೆ ಕೊಟ್ಟಾಗ ಏನೂ ಹೇಳಿರಲಿಲ್ಲ. ಅಂಗಡಿಯವರು ಪಾಲಿಶ್ ಮಾಡಿಕೊಟ್ಟರು. ಫಳಫಳ ಹೊಳೆಯಿತು, ಅಕ್ಷರ ಅಳಿಸಿಹೋಯಿತು. ಅದನ್ನು ನೋಡಿದ ದೊಡ್ಡಮ್ಮ ಏನೂ ಮಾತಾಡಲಿಲ್ಲ. ಪಾಲಿಶ್ ಅಂದರೆ ಚಿನ್ನದ ಒಂದು ಪದರವನ್ನೇ ಉಜ್ಜಿ ತೆಗೆಯುವುದು. ಡಯಲ್ ವಿಷಯವೂ ಅಷ್ಟೇ. ಬಿಳಿ ಎನಾಮೆಲ್ ಮೇಲೆ ಕೂದಲೆಳೆಯಷ್ಟು ಬಿರುಕಿದ್ದರೆ ಇರಲಿ ಬಿಡಿ. ಹೊಸದಾಗಿ ಬರೆಸಬೇಡಿ.

‘ಪಾಲಿಶ್ ಬೇಡ, ಡಯಲ್ ಮುಟ್ಟಬೇಡಿ, ತೆಗೆದ ಹಳೆಯ ಭಾಗ ವಾಪಸ್ ಕೊಡಿ’ ಅಂತ ರಸೀದಿಯ ಮೇಲೇ ಬರೆಸಿ. ಆ ಮುರಿದ ಸ್ಪ್ರಿಂಗನ್ನೂ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಗಡಿಯಾರದ ಜೊತೆಗೇ ಇಡಿ.