ಮ್ಯಾಟ್‌ಲ್ಯಾಬ್‌ನಲ್ಲಿ ವರ್ಕರ್‌ಗಳು ಕಾಯುವ ಜಾಗ

ಎಂಟು ವರ್ಕರ್‌ಗಳ ಪೂಲ್, ಅಂದರೆ ಲೆಕ್ಕದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್ ಕೆಲಸ ಹಂಚಿಕೊಡುವ, ಒಟ್ಟಿಗೆ ಓಡುವ ಎಂಟು ಪ್ರೋಸೆಸ್‌ಗಳು. ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಂ ನಿಂತುಬಿಟ್ಟಿದೆ. ಎರರ್ ಇಲ್ಲ, ಔಟ್‌ಪುಟ್ಟೂ ಇಲ್ಲ. ಎಸ್‌ಪಿಎಂಡಿ ಬ್ಲಾಕಿನಲ್ಲಿ (ಎಲ್ಲ ವರ್ಕರ್‌ಗಳೂ ಒಂದೇ ಕೋಡನ್ನು ತಮ್ಮ ತಮ್ಮ ಡೇಟಾ ಮೇಲೆ ಓಡಿಸುವ ಭಾಗ) ಹೀಗಾದರೆ, ಒಬ್ಬನಾದರೂ ವರ್ಕರ್ ತಲುಪದೆ ಉಳಿಯಬಹುದಾದ ಕಡೆ ಬ್ಯಾರಿಯರ್ (ಎಲ್ಲರೂ ಬರುವ ತನಕ ಕಾಯಿಸುವ ಆದೇಶ) ಇದೆಯೇ ಎಂದು ಮೊದಲು ಹುಡುಕಿ.

ಹಳೆಯ ಕೋಡ್‌ನಲ್ಲಿ ಇದು ಲ್ಯಾಬ್‌ಬ್ಯಾರಿಯರ್; ಆರ್‌2022ಬಿ ಆವೃತ್ತಿಯಿಂದ ಎಸ್‌ಪಿಎಂಡಿಬ್ಯಾರಿಯರ್. ಕೆಲಸ ಒಂದೇ. ಪಂಕ್ತಿಯ ಊಟದಲ್ಲಿ ಕೊನೆಯವರು ಮುಗಿಸುವ ತನಕ ಯಾರೂ ಏಳುವುದಿಲ್ಲವಲ್ಲ, ಹಾಗೆ. ಅದು ವರ್ಕರ್‌ಗಳನ್ನು ಕಾಯಿಸುತ್ತದೆ, ಅಷ್ಟೇ. ಒಬ್ಬರ ಡೇಟಾವನ್ನು ಇನ್ನೊಬ್ಬರಿಗೆ ಮುಟ್ಟಿಸುವುದಿಲ್ಲ.

ಹೆಚ್ಚಿನ ತೊಂದರೆ ಪುನರಾವರ್ತಿತ ಲೆಕ್ಕಗಳಲ್ಲಿ. ಪ್ರತಿ ವರ್ಕರ್ ತನ್ನ ಪಾಲಿನ ದೋಷವನ್ನು (ಉತ್ತರದಲ್ಲಿ ಉಳಿದ ವ್ಯತ್ಯಾಸ) ನೋಡಿ 'ಸಾಕು' ಎಂದು ವೈಲ್ ಲೂಪಿನಿಂದ ಹೊರಬಂದರೆ, ಉಳಿದವರು ಒಳಗಿನ ಬ್ಯಾರಿಯರ್‌ನಲ್ಲಿ ಬಾರದವನಿಗಾಗಿ ಕಾಯುತ್ತಾರೆ. ನಿಲ್ಲುವ ತೀರ್ಮಾನ ಎಲ್ಲರದೂ ಒಂದೇ ಆಗಿರಬೇಕು. ಎಲ್ಲರ ಬೆಲೆಗಳನ್ನು ಸೇರಿಸಿ ಒಂದೇ ಬೆಲೆ ಮಾಡುವ ಎಸ್‌ಪಿಎಂಡಿರೆಡ್ಯೂಸ್‌ಗೆ ಮ್ಯಾಕ್ಸ್ ಫಂಕ್ಷನ್ ಮತ್ತು ಸ್ಥಳೀಯ ದೋಷವನ್ನು ಕೊಡಿ; ಎಲ್ಲರಿಗೂ ಒಂದೇ ಗರಿಷ್ಠ ಬೆಲೆ ಬರುತ್ತದೆ, ಎಲ್ಲರೂ ಒಂದೇ ಸುತ್ತಿನಲ್ಲಿ ಹೊರಬರುತ್ತಾರೆ. ಎಲ್ಲರ ಬೆಲೆ ಸೇರದೆ ಉತ್ತರ ಸಿಗದ ಕಾರಣ ಅದರ ಪಕ್ಕದಲ್ಲಿ ಮತ್ತೊಂದು ಬ್ಯಾರಿಯರ್ ದಂಡ. ಮೂರನೆಯ ಆರ್ಗ್ಯುಮೆಂಟಾಗಿ ವರ್ಕರ್ ಸಂಖ್ಯೆ ಕೊಡಬೇಡಿ. ಕೊಟ್ಟರೆ ಉತ್ತರ ಆ ಒಬ್ಬನಿಗೇ ಹೋಗಿ ಉಳಿದವರಿಗೆ ಖಾಲಿ ಅರೇ ಸಿಗುತ್ತದೆ.

ಇಲ್ಲೇ ಒಂದು ಗುಪ್ತ ಅಪಾಯವಿದೆ. ಮ್ಯಾಟ್‌ಲ್ಯಾಬ್‌ನ ಮ್ಯಾಕ್ಸ್, ನ್ಯಾನ್ (ಸಂಖ್ಯೆಯೇ ಅಲ್ಲದ) ಬೆಲೆಯನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಒಬ್ಬನ ಲೆಕ್ಕ ಕೆಟ್ಟು ನ್ಯಾನ್ ಬಂದಿದ್ದರೂ ಉಳಿದವರ 0.0001ರಷ್ಟು ಸಣ್ಣ ದೋಷವೇ ಗರಿಷ್ಠವಾಗಿ ಕಾಣುತ್ತದೆ. ಪ್ರೋಗ್ರಾಂ 'ಉತ್ತರ ಸಿಕ್ಕಿತು' ಎಂದು ಮುಗಿಯುತ್ತದೆ. ಹ್ಯಾಂಗ್ ಆಗುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ತಪ್ಪು ಉತ್ತರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ನ್ಯಾನ್ ಇದೆಯೇ ಎಂದು ಹೇಳುವ ಈಸ್‌ನ್ಯಾನ್ ಫಲಿತಾಂಶವನ್ನು ಆರ್ ('ಅಥವಾ') ಫಂಕ್ಷನ್‌ನೊಂದಿಗೆ ಬೇರೆಯಾಗಿ ರೆಡ್ಯೂಸ್ ಮಾಡಿ.

ಎರರ್ ಹಿಡಿಯುವ ಟ್ರೈ-ಕ್ಯಾಚ್ ಒಳಗೆ ಬ್ಯಾರಿಯರ್ ಇಡುವುದೂ ಬೇಡ. ಎರರ್ ಬಂದ ವರ್ಕರ್ ಕ್ಯಾಚ್‌ಗೆ ಹಾರಿ ಅದನ್ನು ತಪ್ಪಿಸಿಕೊಳ್ಳುತ್ತಾನೆ. ಒಳಗೆ ಫ್ಲ್ಯಾಗ್ (ಎರರ್ ಬಂತೆಂಬ ಗುರುತು) ಮಾತ್ರ ಎತ್ತಿ, ಹೊರಗೆ ಎಲ್ಲರ ಫ್ಲ್ಯಾಗ್ ಕೂಡಿಸಿ ನೋಡಿ.

ಒಂದನೇ ವರ್ಕರ್ ಫೈಲ್ ಬರೆದು, ಬ್ಯಾರಿಯರ್ ದಾಟಿ ಉಳಿದವರು ಓದುವ ಪದ್ಧತಿ ಒಂದೇ ಯಂತ್ರದಲ್ಲಿ ಸರಿ, ಓದುವ ಮೊದಲು ಫೈಲ್ ಮುಚ್ಚಿದ್ದರೆ. ಹಲವು ಯಂತ್ರಗಳ ಕ್ಲಸ್ಟರ್‌ನಲ್ಲಿ ನಂಬುವಂತಿಲ್ಲ. ಯಂತ್ರಗಳು ಜಾಲದ ಮೂಲಕ ಫೈಲ್ ಹಂಚಿಕೊಳ್ಳುವ ಎನ್‌ಎಫ್‌ಎಸ್‌ನಲ್ಲಿ ಪ್ರತಿ ಯಂತ್ರವೂ ಫೋಲ್ಡರಿನ ವಿವರವನ್ನು ಕ್ಯಾಶ್ ಮಾಡಿಕೊಳ್ಳುತ್ತದೆ, ಅಂದರೆ ಹಳೆಯ ಪ್ರತಿಯನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ. ಲಿನಕ್ಸ್ ಡಿಫಾಲ್ಟ್‌ನಲ್ಲಿ ಕನಿಷ್ಠ 30 ಸೆಕೆಂಡ್. ಬ್ಯಾರಿಯರ್ ದಾಟಿದವನಿಗೆ ಫೈಲ್ ಇನ್ನೂ ಕಾಣದಿರಬಹುದು. ಡೇಟಾ ಮೆಮೊರಿಯಲ್ಲಿ ಹಿಡಿಸುವಷ್ಟಿದ್ದರೆ ಎಸ್‌ಪಿಎಂಡಿಬ್ರಾಡ್‌ಕಾಸ್ಟ್‌ನಿಂದ ನೇರ ಕಳಿಸಿ.

ಸಮಯ ಅಳೆಯಲು ಬ್ಯಾರಿಯರ್ ನಿಜಕ್ಕೂ ಬೇಕು. ಬ್ಯಾರಿಯರ್, ಟಿಕ್ (ಸಮಯದ ಎಣಿಕೆ ಶುರು), ಕೆಲಸ, ಟಾಕ್ (ಕಳೆದ ಸಮಯ ಓದು), ಮತ್ತೆ ಬ್ಯಾರಿಯರ್: ಈ ಕ್ರಮದಲ್ಲಿ ಬರೆದರೆ ಪ್ರತಿಯೊಬ್ಬನ ಸಮಯ ಬೇರೆಬೇರೆ ಸಿಗುತ್ತದೆ. ಜಿಪಿಯು ಬಳಸಿದ್ದರೆ ಟಾಕ್‌ಗೆ ಮೊದಲು ಜಿಪಿಯುಡಿವೈಸ್ ಮೇಲೆ ವೇಟ್ ಕರೆಯಿರಿ, ಇಲ್ಲದಿದ್ದರೆ ಮುಗಿಯದ ಕೆಲಸಕ್ಕೆ ಸಮಯ ಅಳೆದಂತಾಗುತ್ತದೆ. ಏಳು ವರ್ಕರ್‌ಗಳಿಗೆ 10 ಸೆಕೆಂಡ್, ಒಬ್ಬನಿಗೆ 14 ಆದರೆ ಪ್ರತಿ ಸುತ್ತಿನ 112 ವರ್ಕರ್-ಸೆಕೆಂಡ್‌ಗಳಲ್ಲಿ 28 ಬರೀ ಕಾಯುವುದಕ್ಕೆ ಹೋಗುತ್ತದೆ. ತುಂಡುಗಳು ಪರಸ್ಪರ ಅವಲಂಬಿಸಿಲ್ಲದಿದ್ದರೆ ಕೆಲಸವನ್ನು ಪಾರ್‌ಫಾರ್ ಲೂಪಿಗೆ ಬದಲಿಸಿ: ಬಿಡುವಾದ ವರ್ಕರ್‌ಗೆ ಮುಂದಿನ ತುಂಡು ತಾನಾಗಿ ಸಿಗುತ್ತದೆ. ಅವಲಂಬಿಸಿದ್ದರೆ ಆ ದಾರಿಯಿಲ್ಲ. ನಿಧಾನವಾದವನ ಪಾಲನ್ನೇ ಕಡಿಮೆ ಮಾಡಿ ಡೇಟಾ ಮತ್ತೆ ಹಂಚಬೇಕು.