ಊದುಗೊಳವೆ ಹಿಡಿದವರ ಲೆಕ್ಕ

ಶಿರಸಿ ಸೀಮೆಯ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಪಕ್ಕಕ್ಕೆ ಒಂದು ಊದುಗೊಳವೆ ಇದ್ದೇ ಇರುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಸೌದೆಯನ್ನು ಎಷ್ಟು ಜೋಪಾನ ಮಾಡಿದರೂ ಅದಕ್ಕೆ ತೇವ ತಗಲುತ್ತದೆ. ನನ್ನ ಅಜ್ಜಿ ಆ ಕೊಳವೆಗೆ ಬಾಯಿಟ್ಟು ಊದುವುದು, ಹೊಗೆ ಎದ್ದಾಗ ಮುಖ ತಿರುಗಿಸಿ ಕೆಮ್ಮುವುದು, ಮತ್ತೆ ಊದುವುದು: ನಮಗೆ ಬೆಳಗಾಯಿತೆಂದು ತಿಳಿಯುತ್ತಿದ್ದದ್ದು ಆ ಸದ್ದಿನಿಂದ. ಕೊಯ್ಲಿನ ದಿನಗಳಲ್ಲಿ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆಯೂ ಸೇರುತ್ತಿತ್ತು. ಅರವತ್ತು ದಾಟುವ ಹೊತ್ತಿಗೆ ಬಾವಿಕಟ್ಟೆಯಿಂದ ಜಗಲಿಗೆ ಬರುವಷ್ಟರಲ್ಲಿ ಅವಳು ಎರಡು ಸಲ ನಿಂತು ಉಸಿರೆಳೆದುಕೊಳ್ಳಬೇಕಾಗುತ್ತಿತ್ತು. ಊರವರು ದಮ್ಮು ಎಂದರು. ತೋರಿಸಿದ ವೈದ್ಯರೊಬ್ಬರು ವಯಸ್ಸಾಯಿತಲ್ಲ ಎಂದರು.

ಅವಳು ಬೀಡಿ ಮುಟ್ಟಿದವಳಲ್ಲ. ಆ ಒಂದೇ ಕಾರಣಕ್ಕೆ ವೈದ್ಯಕೀಯ ಸಂಶೋಧನೆಯ ಬಾಗಿಲು ಅವಳಂಥವರಿಗೆ ಮುಚ್ಚಿತ್ತೆಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಶ್ವಾಸಕೋಶದ ಕಸುವು ಅಳೆಯಲೂ ಒಂದು ಕೊಳವೆಗೆ ಊದಬೇಕು. ಸ್ಪೈರೋಮೀಟರ್ ಎಂಬ ಆ ಉಪಕರಣವನ್ನು ಲಂಡನ್ನಿನ ಜಾನ್ ಹಚಿನ್‌ಸನ್ ಲೋಕದ ಮುಂದಿಟ್ಟದ್ದು 1846ರಲ್ಲಿ. ಬದುಕಿಡೀ ಒಲೆ ಊದಿದ ಅಜ್ಜಿಯ ಕೈಗೆ ಆ ಇನ್ನೊಂದು ಕೊಳವೆಯನ್ನು ಯಾರೂ ಕೊಡಲಿಲ್ಲ.

ಒಲೆಯ ಹೊಗೆ ಶ್ವಾಸಕೋಶವನ್ನು ಕೆಡಿಸುತ್ತದೆಂಬುದು ಹೊಸ ಸಂಗತಿಯಲ್ಲ. ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ಮತ್ತು ಸಹೋದ್ಯೋಗಿ 1959ರಲ್ಲಿ ದೆಹಲಿಯ 127 ರೋಗಿಗಳ ವಿವರ ಪ್ರಕಟಿಸಿದರು. ಶ್ವಾಸಕೋಶದ ಕಾಯಿಲೆಯಿಂದ ಹೃದಯದ ಬಲಭಾಗ ಸೋತವರು ಅವರು. ಹೆಂಗಸರಲ್ಲಿ ಈ ತೊಂದರೆ ಯಾಕಿಷ್ಟು ಎಂದು ಹುಡುಕಿದಾಗ ಅವರ ಬೆರಳು ಅಡುಗೆಮನೆಯ ಹೊಗೆಯತ್ತ ಹೋಯಿತು. ಆದರೆ ಅದೇ ದಶಕದಲ್ಲಿ ಪಶ್ಚಿಮದ ದೇಶಗಳು ಸಿಗರೇಟಿನ ಹಾನಿಯನ್ನು ಕಂಡುಕೊಂಡಿದ್ದವು. ಅದು ನಿಜವಾದ, ದೊಡ್ಡ ಶೋಧ. ಅಸಂಖ್ಯ ಜೀವಗಳನ್ನು ಉಳಿಸಿತು. ಅದರ ನೆರಳಿನಲ್ಲಿ, ಉಸಿರಿನ ದಾರಿ ಕಿರಿದಾಗುತ್ತಾ ಹೋಗುವ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯೆಂದರೆ ಧೂಮಪಾನಿಗಳ ಕಾಯಿಲೆ ಎಂಬ ತಿಳಿವಳಿಕೆಯೂ ಗಟ್ಟಿಯಾಯಿತು.

ಆ ತಿಳಿವಳಿಕೆ ಔಷಧ ಪರೀಕ್ಷೆಗಳ ಹೊಸ್ತಿಲಲ್ಲಿ ನಿಯಮವಾಗಿ ಕುಳಿತಿತು. 2007ರ ‘ಟಾರ್ಚ್’ ಪ್ರಯೋಗದಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು, 2008ರ ‘ಅಪ್‌ಲಿಫ್ಟ್’ನಲ್ಲಿ ಸುಮಾರು ಆರು ಸಾವಿರ. ಇಂದು ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಇನ್‌ಹೇಲರ್‌ಗಳ ಹಿಂದೆ ನಿಂತಿರುವ ಪ್ರಯೋಗಗಳು ಇವು. ಎರಡರಲ್ಲೂ ಸೇರಬೇಕಾದರೆ ಕನಿಷ್ಠ 10 ‘ಪ್ಯಾಕ್ ವರ್ಷ’ಗಳ ಧೂಮಪಾನ ಇರಬೇಕಿತ್ತು, ಅಂದರೆ ದಿನಕ್ಕೊಂದು ಪ್ಯಾಕಿನಂತೆ ಹತ್ತು ವರ್ಷ ಸೇದಿರಬೇಕು. ಒಲೆಯ ಮುಂದೆ ಕಳೆದ ವರ್ಷಗಳಿಗೆ ಅಲ್ಲಿ ಲೆಕ್ಕವಿರಲಿಲ್ಲ.

ಹೊರಗಿಡುವುದಕ್ಕೂ ಕಾರಣವಿದೆ, ಅದನ್ನು ಮುಚ್ಚಿಡಬಾರದು. ಔಷಧವೇ ಗುಣ ಮಾಡಿತೆಂದು ಸಾಬೀತುಪಡಿಸಬೇಕಾದರೆ ರೋಗಿಗಳು ಆದಷ್ಟು ಒಂದೇ ಬಗೆಯವರಾಗಿರಬೇಕು. ಹತ್ತು ಕಾಯಿಲೆ ಒಟ್ಟಿಗಿದ್ದರೆ ಯಾವುದು ಯಾವುದರಿಂದ ಎಂದು ಬಿಡಿಸುವುದು ಕಷ್ಟ. ಆದರೆ ಸೋಸುತ್ತಾ ಹೋದರೆ ಜರಡಿಯಲ್ಲಿ ಉಳಿಯುವವರೆಷ್ಟು? ನ್ಯೂಜಿಲೆಂಡಿನ ಸಂಶೋಧಕರು ಜನಸಾಮಾನ್ಯರ ನಡುವಿನ ಸಿಒಪಿಡಿ ರೋಗಿಗಳನ್ನು ದೊಡ್ಡ ಪ್ರಯೋಗಗಳ ನಿಯಮಗಳಿಗೆ ಹಚ್ಚಿ ನೋಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು: ಒಂದು ಪ್ರಯೋಗಕ್ಕೆ ಅರ್ಹರಾಗುತ್ತಿದ್ದವರು ಹೆಚ್ಚುಕಡಿಮೆ ನೂರಕ್ಕೆ ಐದು ಮಂದಿ. ಆಸ್ತಮಾದಲ್ಲಿ ನಾಲ್ಕು. ಉಳಿದವರೂ ಅದೇ ಔಷಧವನ್ನೇ ಸೇವಿಸುತ್ತಾರೆ. ಪುಣೆಯ ಸಂದೀಪ್ ಸಾಲ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ 2009ರಲ್ಲಿ ಲೆಕ್ಕ ಮುಂದಿಟ್ಟು, ಸಿಒಪಿಡಿ ರೋಗಿಗಳಲ್ಲಿ ಶೇ 25ರಿಂದ 45ರಷ್ಟು ಮಂದಿ ಎಂದೂ ಧೂಮಪಾನ ಮಾಡಿದವರಲ್ಲ ಎಂದರು. ಪದ್ಮಾವತಿಯವರ ಬರಹ ಬಂದು ಆಗ ಸರಿಯಾಗಿ ಐವತ್ತು ವರ್ಷ.

ಇನ್ನೊಂದು ಬಾಗಿಲು ಕ್ಷಯದ್ದು. ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗ (1948) ಆಧುನಿಕ ಔಷಧ ಪರೀಕ್ಷೆಗೆ ದಾರಿ ಹಾಕಿಕೊಟ್ಟಿತು. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಕೇಂದ್ರ, ಸ್ಯಾನಟೋರಿಯಂ ಸೇರದೆ ಮನೆಯಲ್ಲಿದ್ದುಕೊಂಡೇ ಕ್ಷಯ ವಾಸಿಯಾಗುತ್ತದೆಂದು ತೋರಿಸಿ ಬಡವರ ಪಾಲಿಗೆ ದೊಡ್ಡ ಉಪಕಾರ ಮಾಡಿತು. ಇಷ್ಟಾದರೂ ಕಫದಲ್ಲಿ ರೋಗಾಣು ಕಾಣದಾದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಗಾಯದ ಕಲೆ ಹೊತ್ತ ಶ್ವಾಸಕೋಶ ಮುಂದೆ ಏನಾಗುತ್ತದೆಂದು ಕೇಳುವವರು ಕಡಿಮೆ. ಅಂಥವರು ಸಿಒಪಿಡಿ ಪ್ರಯೋಗಕ್ಕೆ ಹೋದರೆ ‘ಹಿಂದೆ ಕ್ಷಯವಿತ್ತು’ ಎಂದು ಹೊರಗೆ, ಕ್ಷಯದ ಪ್ರಯೋಗಕ್ಕೆ ಹೋದರೆ ‘ವಾಸಿಯಾಗಿದೆ’ ಎಂದು ಹೊರಗೆ. ಕ್ಷಯದ ನಂತರದ ಶ್ವಾಸಕೋಶದ ಕಾಯಿಲೆಯ ಬಗ್ಗೆಯೇ ಮೊದಲ ಅಂತರರಾಷ್ಟ್ರೀಯ ಸಭೆ ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ನಲ್ಲಿ ನಡೆದದ್ದು 2019ರಲ್ಲಿ.

ಕ್ಷಯ ಬಿಟ್ಟುಹೋಗುವ ಒಂದು ಕಾಯಿಲೆಯ ಹೆಸರು ಬ್ರಾಂಕಿಯೆಕ್ಟಾಸಿಸ್. ಶ್ವಾಸನಾಳಗಳು ಹಿಗ್ಗಿ, ಸಡಿಲಾಗಿ, ಕಫ ಅಲ್ಲೇ ನಿಂತು ಕೊಳೆಯುತ್ತದೆ; ದಿನವೂ ಬೆಳಗ್ಗೆ ಲೋಟಗಟ್ಟಲೆ ಕಫ ಹೋಗುವವರಿದ್ದಾರೆ. ಕಾರವಾರದಿಂದ ಭಟ್ಕಳದವರೆಗೆ ಯಾವ ಕೇರಿಯಲ್ಲಾದರೂ ಕೇಳಿ, ‘ಅವರಿಗೆ ಮೊದಲಿನಿಂದಲೂ ಕಫದ ದೇಹ’ ಎನ್ನಿಸಿಕೊಂಡವರೊಬ್ಬರು ಸಿಗುತ್ತಾರೆ. ಸ್ಟೆತಾಸ್ಕೋಪ್ ಕಂಡುಹಿಡಿದ ಲೆನೆಕ್ 1819ರಲ್ಲೇ ಇದನ್ನು ವರ್ಣಿಸಿದ್ದ. ಆಮೇಲೆ ಸುಮಾರು ಎರಡು ಶತಮಾನ ಇದಕ್ಕೆಂದೇ ಒಂದು ಔಷಧವೂ ಒಪ್ಪಿಗೆ ಪಡೆಯಲಿಲ್ಲ.

ಹಾಗಾಗಿ ಸಾಲದ ಔಷಧ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕಫ ತೆಳುವಾಗಿಸುವ ಡಾರ್ನೇಸ್ ಆಲ್ಫಾ ಚೆನ್ನಾಗಿ ಕೆಲಸ ಮಾಡುತ್ತದೆ. ಕಫ ಕಫವೇ ತಾನೇ, ಇಲ್ಲೂ ಮಾಡೀತು ಎಂದು ತೋರುವುದು ಸಹಜ. ಬ್ರಾಂಕಿಯೆಕ್ಟಾಸಿಸ್ ಇದ್ದವರ ಮೇಲೇ ಪರೀಕ್ಷಿಸಿದ ಫಲಿತಾಂಶ 1998ರಲ್ಲಿ ಬಂದಾಗ, ಔಷಧ ಪಡೆದವರಲ್ಲಿ ಕಾಯಿಲೆ ಉಲ್ಬಣಿಸಿದ್ದೇ ಹೆಚ್ಚು, ಶ್ವಾಸಕೋಶದ ಶಕ್ತಿ ಕುಗ್ಗಿದ್ದೂ ಹೆಚ್ಚು. ಒಂದು ಕಾಯಿಲೆಯವರನ್ನು ಸಂಶೋಧನೆಯಿಂದ ಬಿಟ್ಟು, ಇನ್ನೊಬ್ಬರ ಫಲಿತಾಂಶವನ್ನು ಅವರಿಗೆ ಹೊದಿಸಿದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಕಂಡಿಲ್ಲ. ಇದಕ್ಕೆಂದೇ ರೂಪುಗೊಂಡ ಮೊದಲ ಔಷಧ ಬ್ರೆನ್ಸೊಕ್ಯಾಟಿಬ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 2025ರ ಆಗಸ್ಟ್‌ನಲ್ಲಿ.

ಭಾರತದಲ್ಲಿ ಈ ರೋಗಿಗಳನ್ನು ದೊಡ್ಡ ಪ್ರಮಾಣದಲ್ಲಿ ಒಂದು ಪಟ್ಟಿಗೆ ತಂದ ನೋಂದಣಿಯ ವರದಿ 2019ರಲ್ಲಿ ಬಂತು: 31 ಕೇಂದ್ರಗಳು, 2,195 ರೋಗಿಗಳು. ಕಾರಣಗಳಲ್ಲಿ ಮೊದಲ ಸ್ಥಾನ ಹಿಂದೆ ಬಂದಿದ್ದ ಕ್ಷಯಕ್ಕೆ, ಶೇ 35.5. ಯುರೋಪಿನ ರೋಗಿಗಳ ಚಿತ್ರವೇ ಬೇರೆ. ನಮ್ಮವರನ್ನು ಎಣಿಸದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಎಣಿಕೆಗೆ ಸಿಗಬೇಕಾದರೆ ಎಣಿಸುವವರು ಹತ್ತಿರವಿರಬೇಕು. ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಗಂಭೀರ ಕಾಯಿಲೆಯೆಂದರೆ ಕರಾವಳಿಯವರು ಈಗಲೂ ಮಣಿಪಾಲ, ಮಂಗಳೂರು, ಗೋವಾದ ದಾರಿ ಹಿಡಿಯುತ್ತಾರೆ. ಘಟ್ಟದ ಮೇಲಿನವರು ಹುಬ್ಬಳ್ಳಿಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ತೀರಿಕೊಂಡಾಗ, ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತ್ತು. ಜೀವ ಉಳಿಸಿಕೊಳ್ಳಲೇ ಇಷ್ಟು ದೂರ ಹೋಗಬೇಕಾದವರು, ತಿಂಗಳಿಗೊಮ್ಮೆ ಊದಿ ತೋರಿಸಿ ಬರಲು ಬಸ್ ಹತ್ತಿ, ಒಂದು ದಿನದ ಕೂಲಿ ಬಿಟ್ಟು, ಪ್ರಯೋಗವೊಂದರಲ್ಲಿ ಹೆಸರು ಬರೆಸುವುದು ಹೇಗೆ?

ಮೈಸೂರು ಭಾಗದ ಹಳ್ಳಿಯ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ಯಾಕ್ ವರ್ಷಕ್ಕೆ ಬದಲಾಗಿ ಒಲೆಯ ಲೆಕ್ಕ ಹಿಡಿಯಿತು. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ವರ್ಷಗಳಿಂದ ಗುಣಿಸಬೇಕು; ಅದು 60 ಮುಟ್ಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಸಾಕು.

ಅಜ್ಜಿ ಮದುವೆಯಾಗಿ ಬಂದ ವರ್ಷದಿಂದ ಮನೆಗೆ ಗ್ಯಾಸ್ ಬಂದ ವರ್ಷದವರೆಗೆ ನಾನು ಲೆಕ್ಕ ಹಾಕಿ ನೋಡಿದೆ. ನಲವತ್ತೆರಡು ವರ್ಷ, ದಿನಕ್ಕೆ ಕಡಿಮೆಯೆಂದರೂ ನಾಲ್ಕು ಗಂಟೆ: 168. ಅವಳ ಹಳೆಯ ಚೀಟಿಗಳ ಕಟ್ಟು ಈಗಲೂ ಮನೆಯ ಕಪಾಟಿನಲ್ಲಿದೆ. ಒಂದರಲ್ಲಿ ಮಾತ್ರ ಕಾಯಿಲೆಯ ಹಿನ್ನೆಲೆ ಬರೆಯುವ ಜಾಗವಿದೆ. ಧೂಮಪಾನ ಎಂಬುದರ ಮುಂದೆ ‘ಇಲ್ಲ’ ಎಂದಿದೆ. ಅದರ ಕೆಳಗೆ ಖಾಲಿ.